ಯಾವೂರು? ಯಾರ ಪೈಕಿ?

ವ್ಲಾದಿಮಿರ್ ನಬೊಕೊವ್ ಬರೆದ ‘ಲೊಲಿಟಾ’ ಕಾದಂಬರಿಯ ಬಗ್ಗೆ ಎರಡು ಮಾತು ಮತ್ತೆ ಮತ್ತೆ ಕೇಳಿಬರುತ್ತವೆ. ಅದರ ಕಥೆ ಹೇಸಿಗೆ ಹುಟ್ಟಿಸುವಂಥದು ಎಂಬುದು ಮೊದಲನೆಯದು. ಅಮೆರಿಕವನ್ನು ಅದರಲ್ಲಿನ ಕಾರು ಪ್ರಯಾಣಗಳಷ್ಟು ಚೆನ್ನಾಗಿ ತೋರಿಸಿದ ಬರಹ ಅಪರೂಪ ಎಂಬುದು ಎರಡನೆಯದು. ಎರಡೂ ಸರಿಯಾದ ಮಾತುಗಳೇ. 1955ರಲ್ಲಿ ಪ್ಯಾರಿಸ್ಸಿನಲ್ಲಿ, 1958ರಲ್ಲಿ ಅಮೆರಿಕದಲ್ಲಿ ಅಚ್ಚಾದ ಈ ಕಾದಂಬರಿಯ ನಿರೂಪಕ ಹಂಬರ್ಟ್ ಹಂಬರ್ಟ್ ಯುರೋಪಿನಿಂದ ಬಂದ ಪಂಡಿತ. ತಾಯಿ ಸತ್ತ ಹನ್ನೆರಡು ವರ್ಷದ ಹುಡುಗಿಗೆ ಮಲತಂದೆ. ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ದೇಶವಿಡೀ ಸುತ್ತುತ್ತಾನೆ. ಹಗಲು ಅಪ್ಪನ ವೇಷ, ರಾತ್ರಿ ರಾಕ್ಷಸ. ಮೋಟೆಲ್ಲು, ಪೆಟ್ರೋಲ್ ಬಂಕು, ಐಸ್‌ಕ್ರೀಮ್ ಅಂಗಡಿ, ಗುಹೆ, ಗುಡ್ಡ, ಯಾರೂ ನೋಡದ ಮ್ಯೂಸಿಯಮ್ಮು, ಎಲ್ಲವೂ ಆ ಕಾರಿನ ಕಿಟಕಿಯಲ್ಲಿ ಹಾದುಹೋಗುತ್ತವೆ.

ಇಷ್ಟು ಓದಿದ ಕನ್ನಡದವನಿಗೆ ಸಹಜವಾಗಿ ಏಳುವ ಪ್ರಶ್ನೆ: ನಮ್ಮ ನಾಡನ್ನು ಹೀಗೆ ದಾರಿಯ ಮೇಲಿಂದ ಚಿತ್ರಿಸಿದ ಕಾದಂಬರಿ ನಮ್ಮಲ್ಲಿ ಇದೆಯೇ? ಇದೆ, ಒಂದಲ್ಲ ಹಲವಿವೆ ಎಂಬುದು ನನ್ನ ಉತ್ತರ. ಆದರೆ ನಾವು ಅವುಗಳನ್ನು ದಾರಿಯ ಕಾದಂಬರಿಗಳೆಂದು ಓದಿಲ್ಲ. ಅವುಗಳಲ್ಲಿ ನೋಟ ಕಡಿಮೆ, ವಿಚಾರಣೆ ಹೆಚ್ಚು. ಹಂಬರ್ಟನ ದಾರಿಯಲ್ಲಿ ದುಡ್ಡು ಕೊಟ್ಟರೆ ಕೋಣೆ ಸಿಗುತ್ತದೆ. ನಮ್ಮ ದಾರಿಯಲ್ಲಿ ಒಂದು ಲೋಟ ನೀರು ಸಿಗುವುದಕ್ಕೆ ಮೊದಲೇ ‘ಯಾವೂರು? ಯಾರ ಪೈಕಿ?’ ಎಂಬುದು ಎದುರಾಗುತ್ತದೆ. ನಾಡಿನ ಚಿತ್ರ ಆ ಪ್ರಶ್ನೆಯಲ್ಲಿದೆ, ಅದಕ್ಕೆ ಕೊಟ್ಟ ಉತ್ತರದಲ್ಲಿದೆ, ಉತ್ತರ ಕೇಳಿದ ಮೇಲೆ ಎದುರಿನವರು ಎಷ್ಟು ದೂರ ಸರಿದು ಕೂತರು ಎಂಬುದರಲ್ಲಿದೆ.

ಇದನ್ನು ಪರೀಕ್ಷಿಸಿ ನೋಡಲು ಒಂದು ದಾರಿಯನ್ನೇ ಹಿಡಿಯೋಣ. ಅರಸೀಕೆರೆಯಿಂದ ಜಾವಗಲ್ ಮೇಲೆ ಹಳೇಬೀಡು, ಅಲ್ಲಿಂದ ಹದಿನಾರು ಕಿಲೋಮೀಟರಿಗೆ ಬೇಲೂರು. ಪ್ರವಾಸದ ದೃಷ್ಟಿಯಲ್ಲಿ ಇದು ಕರ್ನಾಟಕದ ಹೆಸರಾಂತ ದಾರಿಗಳಲ್ಲೊಂದು. 1880ರ ದಶಕದ ಕೊನೆಯಲ್ಲಿ ಬೆಂಗಳೂರು–ಹರಿಹರದ ಮೀಟರ್ ಗೇಜ್ ರೈಲು ಬಂದ ಮೇಲೆ ಹೊಯ್ಸಳ ಶಿಲ್ಪ ನೋಡಬೇಕೆಂದವರು ಅರಸೀಕೆರೆಯ ಆಚೆ ಬಾಣಾವರದಲ್ಲಿಳಿದು, ಗಾಡಿ ಕಟ್ಟಿಸಿಕೊಂಡು ಹಳೇಬೀಡಿಗೆ ಹೋಗುತ್ತಿದ್ದರು. ಜೇಮ್ಸ್ ಫರ್ಗ್ಯುಸನ್ 1876ರ ತನ್ನ ಗ್ರಂಥದಲ್ಲಿ ಹಳೇಬೀಡಿನ ದೇವಾಲಯವನ್ನು ಅಥೆನ್ಸಿನ ಪಾರ್ಥೆನಾನ್ ಎದುರಿಗೆ ನಿಲ್ಲಿಸಿ ಹೋಲಿಸಿದ ಮೇಲೆ ಅದನ್ನು ನೋಡುವ ಆಸೆ ಸಮುದ್ರದಾಚೆಗೂ ಹಬ್ಬಿತ್ತು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಈಗ ಶನಿವಾರ ಬೆಳಿಗ್ಗೆ ಬೇಲೂರಿನ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ.

ಪ್ರವಾಸಿ ಕೈಪಿಡಿ ಈ ದಾರಿಯ ಬಗ್ಗೆ ಏನು ಹೇಳುತ್ತದೆ? 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ದೇವಾಲಯ, ನಕ್ಷತ್ರಾಕಾರದ ಜಗತಿ, ಬಳಪದ ಕಲ್ಲು, ಮದನಿಕೆಯರು, 1311ರಲ್ಲಿ ಮಲಿಕ್ ಕಾಫೂರನ ದಾಳಿ. ನಡುವಿನ ಜಾಗವೆಲ್ಲ ಕೈಪಿಡಿಗೆ ಬರಿಯ ಕಿಲೋಮೀಟರು. ಕೊಬ್ಬರಿ ಒಣಗುವ ಅಟ್ಟಗಳು, ಹೂಳು ತುಂಬಿದ ಕೆರೆಗಳು, ರಾಗಿ ಹೊಲ, ಜಾವಗಲ್ಲಿನ ಸಂತೆ ಯಾವುದೂ ಅಲ್ಲಿಲ್ಲ. ಆ ನಡುವಿನದನ್ನು ಬರೆಯುವುದು ಕಾದಂಬರಿಯ ಕೆಲಸ. ನಬೊಕೊವ್ ಮಾಡಿದ್ದೂ ಅದನ್ನೇ. ಅವನ ಕಾದಂಬರಿಯಲ್ಲಿ ಗ್ರ್ಯಾಂಡ್ ಕ್ಯಾನಿಯನ್ನಿಗಿಂತ ಮೋಟೆಲ್ ಕೋಣೆಯ ಗೋಡೆಗಂಟಿಸಿದ ಸೂಚನಾಫಲಕಕ್ಕೆ ಹೆಚ್ಚು ಬೆಲೆ.

ಆದರೆ ಆ ಚಿತ್ರ ಬಂದದ್ದು ಯಾರ ಕಣ್ಣಿನಿಂದ? ಅಡಗಿಕೊಂಡು ತಿರುಗುವವನ ಕಣ್ಣಿನಿಂದ. ಕಾದಂಬರಿಯ ಮೊದಲ ಪ್ರಯಾಣ 1947ರ ಆಗಸ್ಟಿನಲ್ಲಿ ಶುರುವಾಗಿ ಒಂದು ವರ್ಷ ನಡೆಯುತ್ತದೆ. ಸುಮಾರು 27,000 ಮೈಲಿ. ಭಾರತದ ಓದುಗ ಈ ತಿಂಗಳನ್ನು ಗಮನಿಸದೆ ಮುಂದೆ ಹೋಗುವುದು ಕಷ್ಟ. ಹಂಬರ್ಟ್ ಅಮೆರಿಕದ ಹೆದ್ದಾರಿಗಳಲ್ಲಿ ಸುಳ್ಳು ಅಪ್ಪನಾಗಿ ಯಾರ ತಡೆಯೂ ಇಲ್ಲದೆ ಸಾಗುತ್ತಿದ್ದ ಅದೇ ದಿನಗಳಲ್ಲಿ ಪಂಜಾಬಿನ ದಾರಿಗಳಲ್ಲಿ ಜನ ಹೆಸರು ಹೇಳಿ ಬದುಕಿದರು, ಹೆಸರು ಹೇಳಿ ಸತ್ತರು. ನಬೊಕೊವನಿಗೆ ಈ ಹೋಲಿಕೆ ಹೊಳೆದಿರಲಾರದು. ನಮಗೆ ಹೊಳೆಯುತ್ತದೆ, ಹೊಳೆಯಬೇಕು. ದಾರಿ ಕೇಳುವ ಪ್ರಶ್ನೆ ಎಲ್ಲ ದೇಶದಲ್ಲೂ ಒಂದೇ ಅಲ್ಲ, ಒಂದೇ ತೂಕದ್ದೂ ಅಲ್ಲ.

ಹಂಬರ್ಟನನ್ನು ದಾರಿ ಕೇಳುವುದು ಮೋಟೆಲ್ಲಿನ ರಿಜಿಸ್ಟರಿನ ಮೂಲಕ ಮಾತ್ರ. ಹೆಸರು ಬರೆದು, ‘ಮತ್ತು ಮಗಳು’ ಎಂದು ಸೇರಿಸಿದರೆ ಮುಗಿಯಿತು. ಆ ಎರಡು ಪದಗಳ ಹಿಂದೆ ಒಂದು ಮಗುವಿನ ಬದುಕು ಹಾಳಾಗುತ್ತಿದೆ. ಕೌಂಟರಿನಲ್ಲಿ ಕೂತವನಿಗೆ ಅದು ಬೇಕಿಲ್ಲ. ಕಾದಂಬರಿಯ ಕೊನೆಯ ಭಾಗದಲ್ಲಿ ಹುಡುಗಿ ತಪ್ಪಿಸಿಕೊಂಡ ಮೇಲೆ ಹಂಬರ್ಟ್ ಅದೇ ದಾರಿಯಲ್ಲಿ ಹಿಂದಿರುಗಿ 342 ಹೋಟೆಲು, ಮೋಟೆಲುಗಳ ರಿಜಿಸ್ಟರುಗಳನ್ನು ತಡಕಾಡುತ್ತಾನೆ. ಅವನ ಪ್ರತಿಸ್ಪರ್ಧಿ ಅವುಗಳಲ್ಲಿ ಕೆಲವೆಡೆ ಅಣಕದ ಸುಳ್ಳು ಹೆಸರು ಬರೆದು ಹೋಗಿದ್ದಾನೆ. ಅಮೆರಿಕದ ಬಗ್ಗೆ ಕಾದಂಬರಿ ಹೇಳುವ ಅತ್ಯಂತ ಹರಿತವಾದ ಮಾತು ನನ್ನ ಲೆಕ್ಕದಲ್ಲಿ ಇದೇ, ಭೂದೃಶ್ಯಗಳಲ್ಲ. ಯಾರು ಬೇಕಾದರೂ ಏನು ಬೇಕಾದರೂ ಬರೆದು ಮಲಗಬಹುದಾದ ದೇಶ. ಆ ಸ್ವಾತಂತ್ರ್ಯದಲ್ಲಿ ಕೆಲವರಿಗೆ ಹೊಸ ಬದುಕು ಸಿಗುತ್ತದೆ, ಕೆಲವರಿಗೆ ಅಪರಾಧ ಮುಚ್ಚಿಕೊಳ್ಳಲು ಜಾಗ ಸಿಗುತ್ತದೆ.

‘ಯಾರು ಬೇಕಾದರೂ’ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ನಬೊಕೊವನಿಗೂ ಅದು ಗೊತ್ತಿತ್ತು. ಅವನ ಹೆಂಡತಿ ವೇರಾ ಯಹೂದಿ. ಹಂಬರ್ಟ್ ಮೊದಲ ರಾತ್ರಿ ಕಳೆದ ಹೋಟೆಲಿನ ಕಾಗದದ ಮೇಲೆ ‘ಚರ್ಚುಗಳ ಹತ್ತಿರ’ ಎಂದು ಅಚ್ಚಾಗಿರುತ್ತದೆ. ಆ ಕಾಲದಲ್ಲಿ ಅದು ಯಹೂದಿಗಳು ಬರಬೇಡಿ ಎನ್ನುವ ನಾಜೂಕಿನ ರೀತಿ. ಮುಂದೊಮ್ಮೆ ಅದೇ ಹೋಟೆಲಿಗೆ ‘ಪ್ರೊಫೆಸರ್ ಹ್ಯಾಂಬರ್ಗ್’ ಎಂಬ ಹೆಸರಲ್ಲಿ ಬರೆದರೆ, ಕೋಣೆ ಖಾಲಿಯಿಲ್ಲ ಎಂಬ ಉತ್ತರ ತಕ್ಷಣ ಬರುತ್ತದೆ. ಕರಿಯರ ಪಾಡು ಇನ್ನೂ ಕಷ್ಟ. ನ್ಯೂಯಾರ್ಕಿನ ಅಂಚೆ ನೌಕರ ವಿಕ್ಟರ್ ಗ್ರೀನ್ 1936ರಿಂದ ಹೊರತಂದ ‘ಗ್ರೀನ್ ಬುಕ್’ ಎಂಬ ಕೈಪಿಡಿ ಮೂರು ದಶಕ ನಡೆಯಿತು. ಕಾರಿದ್ದರೂ ಕಿಸೆಯಲ್ಲಿ ಕಾಸಿದ್ದರೂ ಕರಿಯರು ಯಾವ ಊರಿನಲ್ಲಿ ಉಣ್ಣಬಹುದು, ಎಲ್ಲಿ ಮಲಗಬಹುದು ಎಂಬ ಪಟ್ಟಿ ಅದು. ಅಮೆರಿಕದ ದಾರಿಯೂ ಕೇಳುತ್ತಿತ್ತು. ಬಿಳಿಯ ಹಂಬರ್ಟನನ್ನು ಮಾತ್ರ ಕೇಳುತ್ತಿರಲಿಲ್ಲ.

ನಮ್ಮ ಕಡೆಗೆ ಬರೋಣ. ದಾರಿಯ ಬಗ್ಗೆ ಈ ದೇಶದಲ್ಲಿ ಬರೆದ ಪುಟಗಳಲ್ಲಿ ಅಂಬೇಡ್ಕರರ ಒಂದು ನೆನಪಿಗೆ ಸಾಟಿಯಾದದ್ದು ಕಡಿಮೆ. 1901ರಲ್ಲಿ, ಇನ್ನೂ ಹುಡುಗ, ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ಕೋರೆಗಾಂವಿನಲ್ಲಿದ್ದ ಅಪ್ಪನ ಬಳಿಗೆ ಹೊರಟು ಮಸೂರು ಸ್ಟೇಷನ್ನಿನಲ್ಲಿ ಇಳಿಯುತ್ತಾರೆ. ಒಳ್ಳೆಯ ಬಟ್ಟೆ ತೊಟ್ಟ ಹುಡುಗರನ್ನು ಸ್ಟೇಷನ್ ಮಾಸ್ತರ ಅಕ್ಕರೆಯಿಂದ ವಿಚಾರಿಸುತ್ತಾನೆ. ಮಹಾರರು ಎಂದು ತಿಳಿದ ಕೂಡಲೇ ಮುಖ ಬದಲಾಗುತ್ತದೆ. ಕೊನೆಗೆ ಎರಡರಷ್ಟು ಬಾಡಿಗೆಗೆ ಒಪ್ಪಿದ ಗಾಡಿಯವನು, ಗಾಡಿ ನೀವೇ ಹೊಡೆದುಕೊಳ್ಳಿ ಎಂದು ತಾನು ಪಕ್ಕದಲ್ಲಿ ನಡೆದು ಬರುತ್ತಾನೆ. ದುಡ್ಡಿದ್ದರೂ ನೀರು ಸಿಗದ ರಾತ್ರಿ ಅದು. ಕಾಲವೂ ಸುಮಾರು ಬಾಣಾವರದಲ್ಲಿ ಇಳಿದ ಸಾಹೇಬರಿಗೆ ಹಳೇಬೀಡಿಗೆ ಗಾಡಿ ಕಟ್ಟಿಕೊಡುತ್ತಿದ್ದ ಕಾಲವೇ. ರೈಲು ಎಲ್ಲರನ್ನೂ ಒಂದೇ ಡಬ್ಬಿಯಲ್ಲಿ ತಂದು ಇಳಿಸಿತು. ಇಳಿದ ಮೇಲೆ ಯಾರ ದಾರಿ ಯಾರದು ಎಂಬುದನ್ನು ಹಳೆಯ ಲೆಕ್ಕವೇ ತೀರ್ಮಾನಿಸಿತು. ದಕ್ಷಿಣದ ರೈಲ್ವೆ ಊಟದ ಮನೆಗಳಲ್ಲಿ ಬ್ರಾಹ್ಮಣರಿಗೊಂದು ಕೋಣೆ, ಉಳಿದವರಿಗೊಂದು ಎನ್ನುವ ಏರ್ಪಾಡು 1940ರ ದಶಕದ ಬಾಗಿಲಿಗೂ ಬಂದು ನಿಂತಿತ್ತು.

ಕನ್ನಡ ಕಾದಂಬರಿ ಈ ದಾರಿಯನ್ನು ಬಹಳ ಚೆನ್ನಾಗಿ ಬಲ್ಲದು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಬಂತು. ಕಥೆಯ ಕಾಲ ಹತ್ತೊಂಬತ್ತನೆಯ ಶತಮಾನದ ಕೊನೆ. ನಾಯಿಗುತ್ತಿ ತನ್ನ ನಾಯಿ ಹುಲಿಯನ ಜೊತೆ ಮಲೆಯ ಕಾಲುದಾರಿಗಳಲ್ಲಿ ನಡೆಯುತ್ತಾನೆ. ಆ ನಡಿಗೆಯಲ್ಲೇ ಒಂದೊಂದಾಗಿ ಮನೆಗಳು, ಗೌಡರು, ಹೆಗ್ಗಡೆಗಳು, ಸೆಟ್ಟರು, ಸಾಬರು, ಪಾದ್ರಿ, ಇಡೀ ತೀರ್ಥಹಳ್ಳಿ ಸೀಮೆ ಬಿಚ್ಚಿಕೊಳ್ಳುತ್ತದೆ. ಅವನು ಹೊಲೆಯ. ಯಾವ ಮನೆಯ ಯಾವ ಜಾಗದವರೆಗೆ ಬರಬಹುದು ಎಂಬುದು ಅವನ ಕಾಲಿಗೆ ಗೊತ್ತಿದೆ. ಓದುಗನಿಗೆ ಆ ಸೀಮೆಯ ನಕ್ಷೆ ಸಿಗುವುದು ಅಂಗಳ, ಹೆಬ್ಬಾಗಿಲು, ಜಗಲಿ ಎಂಬ ಗೆರೆಗಳಲ್ಲಿ. ಬೆಟ್ಟ-ಹೊಳೆಗಳ ನಕ್ಷೆ ಆಮೇಲೆ.

ಅನಂತಮೂರ್ತಿಯವರ ‘ಸಂಸ್ಕಾರ’ (1965) ಇದರ ಇನ್ನೊಂದು ಮಗ್ಗುಲು. ಅಗ್ರಹಾರ, ಹೆಣ, ಚಂದ್ರಿ ಎಂದು ಮೊದಲರ್ಧದ ಬಗ್ಗೆ ನಾವು ಬೇಕಾದಷ್ಟು ಚರ್ಚೆ ಮಾಡಿದ್ದೇವೆ. ಉಳಿದರ್ಧ ಅಪ್ಪಟ ದಾರಿಯ ಕಾದಂಬರಿ. ಹೆಂಡತಿಯನ್ನು ಸುಟ್ಟು ಬಂದ ಪ್ರಾಣೇಶಾಚಾರ್ಯರು ಗುರಿಯಿಲ್ಲದೆ ನಡೆಯುತ್ತಾರೆ; ಪುಟ್ಟನೆಂಬ ಮಾಲೇರರವನು ಬಿಡದೆ ಅಂಟಿಕೊಳ್ಳುತ್ತಾನೆ. ಆಚಾರ್ಯರಿಗೆ ಬೇಕಾದದ್ದು ಹಂಬರ್ಟನಿಗೆ ಸಲೀಸಾಗಿ ಸಿಕ್ಕಿದ್ದು: ಯಾರೂ ಗುರುತು ಹಿಡಿಯದ, ಯಾರೂ ಏನೂ ಕೇಳದ ನಾಲ್ಕು ಹೆಜ್ಜೆ. ಅದೊಂದು ಮಾತ್ರ ಸಿಗುವುದಿಲ್ಲ. ದಾರಿಯಲ್ಲಿ ಸಿಕ್ಕವರೆಲ್ಲ ಎಲ್ಲಿಂದ, ಎಲ್ಲಿಗೆ, ಯಾರು ಎಂದು ಕೇಳುತ್ತಾರೆ. ಮೇಳಿಗೆಯ ಜಾತ್ರೆಯ ಗದ್ದಲದಲ್ಲೂ ಅವರಿಗೆ ಮರೆಯಿಲ್ಲ. ಸೂತಕದಲ್ಲಿದ್ದುಕೊಂಡು ದೇವಸ್ಥಾನದ ಊಟದ ಪಂಕ್ತಿಯಲ್ಲಿ ಕೂತಾಗ ಯಾರೋ ಗುರುತು ಹಿಡಿದುಬಿಡುತ್ತಾರೆ, ಆಚಾರ್ಯರು ಊಟದ ನಡುವೆ ಎದ್ದು ಓಡುತ್ತಾರೆ. ಒಬ್ಬ ಮನುಷ್ಯ ತನ್ನ ಹೆಸರಿನಿಂದ ತಪ್ಪಿಸಿಕೊಳ್ಳಲು ಹೊರಟು ಒಂದು ದಿನ ಪೂರ್ತಿ ತಪ್ಪಿಸಿಕೊಳ್ಳಲಾಗದೆ ಹೋದದ್ದೇ ಈ ನಾಡಿನ ಭಾವಚಿತ್ರ.

ಅರಸೀಕೆರೆಗೆ ಇನ್ನೂ ಹತ್ತಿರದ್ದು ಭೈರಪ್ಪನವರ ‘ಗೃಹಭಂಗ’ (1970). ಅವರು ಹಾಸನ ಜಿಲ್ಲೆಯದೇ ಸಂತೇಶಿವರದವರು. ಕಾದಂಬರಿಯ ನೆಲ ತಿಪಟೂರು, ಚನ್ನರಾಯಪಟ್ಟಣದ ಸೀಮೆ. ಇದನ್ನು ಪ್ರಯಾಣದ ಕಾದಂಬರಿ ಎಂದರೆ ನಗುವವರಿರಬಹುದು. ಆದರೂ ಅದರಲ್ಲಿ ಜನ ಎಷ್ಟು ನಡೆಯುತ್ತಾರೆ ನೋಡಿ. ಶಾನುಭೋಗ ಗಂಡನ ಲೆಕ್ಕ ಬರೆದು ಸಂಸಾರ ನಡೆಸುವ ನಂಜಮ್ಮ ಮನೆ ಬಿಟ್ಟು ಹೊರಟಳೆಂದರೆ ತವರು, ಮದುವೆ, ಕಾಯಿಲೆ, ಹೊಟ್ಟೆಪಾಡು, ಇಷ್ಟರಲ್ಲೊಂದು. ಪ್ಲೇಗು ಬಂದರೆ ಊರಿಗೆ ಊರೇ ಮನೆ ಬಿಟ್ಟು ಹೊರಗೆ ಗುಡಿಸಲು ಹಾಕಿಕೊಳ್ಳುತ್ತದೆ. ಕೊನೆಯಲ್ಲಿ ಉಳಿದ ಹುಡುಗ ವಿಶ್ವನನ್ನು ಭಿಕ್ಷಾನ್ನದ ಮಾದೇವಯ್ಯನವರು ಕರೆದುಕೊಂಡು ಹೊರಡುತ್ತಾರೆ. ತಾಯಿಯಿಲ್ಲದ ಒಂದು ಮಗು, ರಕ್ತಸಂಬಂಧವಿಲ್ಲದ ಒಬ್ಬ ಗಂಡಸು, ದಾರಿ. ಹಂಬರ್ಟನ ಕಾರಿನಲ್ಲಿದ್ದದ್ದೂ ಇಷ್ಟೇ. ಅಲ್ಲಿ ಅದು ಸೆರೆ, ಇಲ್ಲಿ ಅದೇ ಬಿಡುಗಡೆ. ಜಂಗಮನ ಜೊತೆ ಹೊರಟ ಬ್ರಾಹ್ಮಣ ಹುಡುಗನನ್ನು ಮುಂದಿನ ಊರಿನವರು ‘ಯಾರ ಮಗು?’ ಎಂದು ಕೇಳಿರುತ್ತಾರೆ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಕಾದಂಬರಿ ಅಲ್ಲಿಗೇ ನಿಲ್ಲುವುದರಿಂದ ಉತ್ತರ ನಮಗೆ ಬಿಟ್ಟದ್ದು.

ಇದೇ ಭೈರಪ್ಪನವರು 1998ರಲ್ಲಿ ಬರೆದ ‘ಸಾರ್ಥ’ ಹೆಸರಿನಲ್ಲೇ ಪ್ರಯಾಣವಿರುವ ಕಾದಂಬರಿ. ಎಂಟನೆಯ ಶತಮಾನದ ನಾಗಭಟ್ಟ ವ್ಯಾಪಾರಿಗಳ ಸಾರ್ಥದೊಂದಿಗೆ ಹೊರಟು ನಾಳಂದಾವನ್ನೂ ಕಂಡು ದೇಶ ಸುತ್ತುತ್ತಾನೆ. ಮಹತ್ವಾಕಾಂಕ್ಷೆ ದೊಡ್ಡದು. ಆದರೆ ನನ್ನ ಮಟ್ಟಿಗೆ ಅದು ದಾರಿಯ ಕಾದಂಬರಿಯಾಗಿ ‘ಗೃಹಭಂಗ’ದಷ್ಟು ಗಟ್ಟಿಯಲ್ಲ. ಒಂದೊಂದು ಊರೂ ಒಂದೊಂದು ದರ್ಶನದ ಚರ್ಚೆಗೆ ವೇದಿಕೆಯಾಗಿ, ಆ ಊರಿನ ಹಿಟ್ಟು, ನೀರು, ಮಲಗುವ ಜಾಗ ಹಿಂದೆ ಸರಿಯುತ್ತವೆ. ದೇಶ ದೊಡ್ಡದಾದಷ್ಟೂ ದಾರಿ ತೆಳ್ಳಗಾಗುತ್ತದೆ.

ಇಲ್ಲಿಯವರೆಗೆ ಓದಿದವರು ಒಂದು ಆಕ್ಷೇಪ ಎತ್ತಬಹುದು: ನಮ್ಮ ದಾರಿ ಹೀಗೆ ಎಲ್ಲರನ್ನೂ ಕೇಳುತ್ತದೆ ಎಂದಾದರೆ ನಮ್ಮಲ್ಲಿ ಹಂಬರ್ಟ್ ಮೊದಲ ಅರಳಿಕಟ್ಟೆಯಲ್ಲೇ ಸಿಕ್ಕಿಬೀಳುತ್ತಿದ್ದ, ಅದು ಒಳ್ಳೆಯದಲ್ಲವೇ? ಕೇಳಲು ಚೆನ್ನಾಗಿದೆ. ನಿಜ ಸಂಗತಿ ಬೇರೆ. ನಮ್ಮ ಅರಳಿಕಟ್ಟೆ ಕೇಳುತ್ತಿದ್ದದ್ದು ಜಾತಿ, ಗೋತ್ರ, ಸಂಬಂಧ. ಹುಡುಗಿಗೆ ಇಷ್ಟವಿದೆಯೇ ಎಂದಲ್ಲ. ಹನ್ನೆರಡರ ಹುಡುಗಿಯ ಜೊತೆ ನಡುವಯಸ್ಸಿನ ಗಂಡಸು ಬಂದು ‘ಹೆಂಡತಿ’ ಎಂದಿದ್ದರೆ, ಗೋತ್ರ ಸರಿಯಿದ್ದರೆ, ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದರು. ಬಾಲ್ಯವಿವಾಹ ತಡೆಯುವ ಶಾರದಾ ಕಾಯ್ದೆ ಬಂದದ್ದೇ 1929ರಲ್ಲಿ. ಬಂದ ಮೇಲೂ ಹಳ್ಳಿಗಳಲ್ಲಿ ಅದನ್ನು ಕೇಳಿದವರು ಎಷ್ಟು ಮಂದಿ? ‘ಗೃಹಭಂಗ’ದ ನಂಜಮ್ಮ ಮದುವೆಯಾಗಿ ಬರುವಾಗ ಇನ್ನೂ ಬಾಲಕಿ. ಅಮೆರಿಕದ ಮೋಟೆಲ್ಲು ಏನೂ ಕೇಳದೆ ಮಗುವನ್ನು ಕೈಬಿಟ್ಟಿತು, ನಮ್ಮ ಜಗಲಿ ಎಲ್ಲವನ್ನೂ ಕೇಳಿ ಕೈಬಿಟ್ಟಿತು. ಪ್ರಶ್ನೆ ಕೇಳುವ ಸಮಾಜ ಕಾಳಜಿಯ ಸಮಾಜವೇ ಆಗಿರಬೇಕಿಲ್ಲ. ‘ಹಳ್ಳಿಯಲ್ಲಿ ಎಲ್ಲರೂ ಎಲ್ಲರನ್ನೂ ವಿಚಾರಿಸಿಕೊಳ್ಳುತ್ತಿದ್ದರು’ ಎಂದು ಮೆಚ್ಚಿ ಬರೆಯುವ ಲೇಖನಗಳನ್ನು ಓದುವಾಗ ನನಗೆ ಇದು ನೆನಪಾಗುತ್ತದೆ.

ಮತ್ತೆ ಬೇಲೂರಿನ ದಾರಿ. ಈ ದೇವಾಲಯವೇ ದಾರಿ ನಡೆದವರ ಕೈಕೆಲಸ. ಮದನಿಕೆಯರ ಕೆಳಗೆ ಸಹಿ ಹಾಕಿದ ಶಿಲ್ಪಿಗಳಲ್ಲಿ ದಾಸೋಜ, ಅವನ ಮಗ ಚಾವಣ ಇಬ್ಬರೂ ಬಳ್ಳಿಗಾವೆಯವರು. ಈಗಿನ ಶಿಕಾರಿಪುರ ತಾಲ್ಲೂಕಿನ ಆ ಊರಿಂದ ಬೇಲೂರಿಗೆ ನೂರೈವತ್ತು ಕಿಲೋಮೀಟರಿಗೂ ಹೆಚ್ಚು. ಕೆಲಸ ಹುಡುಕಿ ಬಂದ ಅಪ್ಪ-ಮಗ ಕಲ್ಲಿನಲ್ಲಿ ಬರೆದಿಟ್ಟದ್ದು ಏನು? ಹೆಸರು, ಯಾರ ಮಗ, ಯಾವೂರು, ಜೊತೆಗೆ ತಮ್ಮ ಬಿರುದು. ಕೇಳುವ ಮುಂಚೆಯೇ ಕೊಟ್ಟ ಉತ್ತರ ಇದು. ಜಕಣಾಚಾರಿ–ಡಂಕಣಾಚಾರಿಯ ಐತಿಹ್ಯವೂ ಅಷ್ಟೇ: ಮನೆ ಬಿಟ್ಟು ಹೋದ ಅಪ್ಪ, ಹುಡುಕಿಕೊಂಡು ಬಂದ ಮಗ, ಇಬ್ಬರಿಗೂ ಗುರುತು ಸಿಗುವುದು ಕಲ್ಲೊಳಗೆ ಕಪ್ಪೆ ಇದೆ ಎಂಬ ವಾದದ ನಂತರ. ಗೈಡುಗಳು ಇಂದಿಗೂ ಹೇಳುವುದು ಈ ಕಥೆಯನ್ನೇ. ದಾಸೋಜನ ಸಹಿ ತೋರಿಸುವವರು ಕಡಿಮೆ, ಸಹಿಯಲ್ಲಿ ಕಣ್ಣೀರಿಲ್ಲವಲ್ಲ!

ಇನ್ನೂ ಸ್ವಾರಸ್ಯದ್ದೊಂದಿದೆ. ಬೇಲೂರಿನ ಚೆನ್ನಕೇಶವನೂ ದಾರಿ ನಡೆಯುವ ದೇವರು. ಅವನ ಮಡದಿ ಬಾಬಾಬುಡನ್ ಬೆಟ್ಟದಲ್ಲಿ ಉಳಿದಳಂತೆ. ಅವಳನ್ನು ನೋಡಲು ಅವನು ಆಗಾಗ ಬೆಟ್ಟಕ್ಕೆ ಹೋಗಿಬರುತ್ತಾನಂತೆ. ಅದಕ್ಕಾಗಿ ದೇವಸ್ಥಾನದಲ್ಲಿ ದೊಡ್ಡ ಜೋಡು. ಅವು ಸವೆದಾಗ ಬಸವಾಪಟ್ಟಣ, ಚನ್ನಗಿರಿ ಕಡೆಯ ಚಮ್ಮಾರರಿಗೆ ಕನಸಾಗುತ್ತದೆ, ಅವರು ಹೊಸ ಜೋಡು ಹೊಲಿದು ತರುತ್ತಾರೆ, ಒಪ್ಪಿಸಲು ಅವರಿಗೆ ದೇವಸ್ಥಾನದ ಅಂಗಳದೊಳಗೆ ಬರಲು ಅಪ್ಪಣೆ ಇತ್ತು ಎಂದು ಬ್ರಿಟಿಷರ ಕಾಲದ ಗೆಜೆಟಿಯರು ದಾಖಲಿಸಿದೆ. ಹೊಲೆಯರಿಗೂ ಬೇಲೂರು, ಮೇಲುಕೋಟೆಗಳಲ್ಲಿ ವರ್ಷದ ಗೊತ್ತಾದ ದಿನಗಳಲ್ಲಿ ಒಳಗೆ ಹೋಗುವ ಹಕ್ಕಿತ್ತು. ಇದನ್ನು ಸಮಾನತೆಯ ಕುರುಹೆಂದು ಹೊಗಳುವವರಿದ್ದಾರೆ. ದೇವರ ಪಾದಕ್ಕೆ ಜೋಡು ಹೊಲಿದವನು ಎರಡು ಜಿಲ್ಲೆ ದಾಟಿ ನಡೆದು ಬಂದು ಅಂಗಳದಲ್ಲಿ ನಿಲ್ಲಬೇಕು, ಆ ಅಂಗಳಕ್ಕೂ ಕನಸಿನ ರಹದಾರಿ ಬೇಕು. ಯಾರು ಎಲ್ಲಿಯವರೆಗೆ ಎಂಬ ಗೆರೆ ಇಷ್ಟು ನಿಖರವಾಗಿರು­ವಾಗ ಹೊಗಳುವುದು ಹೇಗೆ? ಗುತ್ತಿಯ ಕಾಲಿಗೆ ಗೊತ್ತಿದ್ದದ್ದು ಈ ಗೆರೆಯೇ.

ಪ್ರವಾಸಿಗಳ ಕಾಲ ಬಂದ ಮೇಲೆ ಪ್ರಶ್ನೆ ಕೇಳುವವರು ಬದಲಾದರು. ಇದನ್ನು ಮೊದಲು ಕಂಡವರು ಮೈಸೂರಿನ ಆರ್. ಕೆ. ನಾರಾಯಣ್. 1930ರ ದಶಕದ ಕೊನೆಯಲ್ಲಿ ಮೈಸೂರು ಸಂಸ್ಥಾನದ ಬಗ್ಗೆ ಪುಸ್ತಕ ಬರೆಯಲು ಅವರು ಸಂಸ್ಥಾನ ಸುತ್ತಿದ್ದರು. ಅದು 1939ರಲ್ಲಿ ಬಂತು. 1958ರ ‘ದಿ ಗೈಡ್’ನ ರಾಜು ರೈಲ್ವೆ ಸ್ಟೇಷನ್ನಿನಲ್ಲಿ ಬೆಳೆದವನು. ಗೊತ್ತಿಲ್ಲ ಎಂಬ ಮಾತು ಅವನ ಬಾಯಲ್ಲಿ ಬರುವುದಿಲ್ಲ. ರೈಲಿಳಿದವನ ಸಾಮಾನು, ನಡೆ, ಮಾತು ನೋಡಿಯೇ ಇವನಿಂದ ಎಷ್ಟು ಹುಟ್ಟುತ್ತದೆ ಎಂದು ಲೆಕ್ಕ ಹಾಕುತ್ತಾನೆ. ಯಾರ ಪೈಕಿ ಎಂಬ ಹಳೆಯ ಪ್ರಶ್ನೆಯ ಜಾಗದಲ್ಲಿ ಎಷ್ಟು ದುಡ್ಡು, ಎಷ್ಟು ಹೊತ್ತು ಎಂಬ ಹೊಸ ಪ್ರಶ್ನೆ. ಈ ಕಾದಂಬರಿ 1965ರಲ್ಲಿ ಸಿನಿಮಾ ಆದಾಗ ಚಿತ್ರತಂಡಕ್ಕೆ ನಾರಾಯಣ್ ಮೈಸೂರು ಸೀಮೆಯ ಜಾಗಗಳನ್ನೆಲ್ಲ ತೋರಿಸಿದರು. ಅವರು ಹೋಗಿ ರಾಜಸ್ಥಾನದಲ್ಲಿ ಚಿತ್ರೀಕರಿಸಿದರು. ನಾರಾಯಣ್ ಬರೆದ ನಾಡು ಪರದೆಯ ಮೇಲೆ ಬರಲೇ ಇಲ್ಲ. ದಾರಿಯ ಕಾದಂಬರಿಯಿಂದ ದಾರಿಯನ್ನೇ ಕಿತ್ತರೆ ಉಳಿಯುವುದು ಹಾಡುಗಳು. ಹಾಡುಗಳೇನೋ ಚೆನ್ನಾಗಿವೆ.

ಈಗ ಬೇಲೂರಿನ ಲಾಡ್ಜಿನಲ್ಲಿ ರಾತ್ರಿ ಉಳಿಯುವವನ ಮುಂದೆ ಬರುವುದು ಉದ್ದನೆಯ ರಿಜಿಸ್ಟರು. ಹೆಸರು, ತಂದೆ ಅಥವಾ ಗಂಡನ ಹೆಸರು, ಪೂರ್ಣ ವಿಳಾಸ, ವೃತ್ತಿ, ಎಲ್ಲಿಂದ ಬಂದದ್ದು, ಎಲ್ಲಿಗೆ ಹೋಗುವುದು, ಬಂದ ಉದ್ದೇಶ, ಜೊತೆಗಿರುವವರು, ಸಂಬಂಧ. ದಾಸೋಜನ ಸಹಿಗಿಂತ ಐದು ಕಾಲಂ ಜಾಸ್ತಿ. ಮೇಲೆ ಆಧಾರ್ ಜೆರಾಕ್ಸ್. ಜಾತಿಯ ಕಾಲಂ ಇಲ್ಲ. ಹೆಸರು, ಅಪ್ಪನ ಹೆಸರು, ಊರು ಇರುವಾಗ ಅದು ಬೇಕಾಗಿಯೂ ಇಲ್ಲ. ‘ಉದ್ದೇಶ’ದ ಕೆಳಗೆ ಮೊದಲಿನವರು ‘ಟೆಂಪಲ್’ ಎಂದು ಬರೆದಿರುತ್ತಾರೆ, ಅದರ ಕೆಳಗಿನವರು ಅದೇ ಎಂದು ಚುಕ್ಕಿ ಹಾಕಿರುತ್ತಾರೆ. ಜೋಡಿಯಾಗಿ ಬಂದ ಹುಡುಗ-ಹುಡುಗಿಯನ್ನು ಕೌಂಟರಿನವನು ತಲೆಯೆತ್ತಿ ನೋಡುವ ನೋಟದಲ್ಲಿ ಇಡೀ ಅರಳಿಕಟ್ಟೆ ಇರುತ್ತದೆ. ಸಂಸಾರಸ್ಥರನ್ನು ಕರೆತಂದ ಕಾರಿನ ಚಾಲಕನ ಹೆಸರು ಮಾತ್ರ ಈ ಪುಸ್ತಕದಲ್ಲಿ ಬರುವುದಿಲ್ಲ. ಅವನು ಪಾರ್ಕಿಂಗಿನಲ್ಲಿ ಸೀಟು ಹಿಂದಕ್ಕೆ ಬಾಗಿಸಿ ಮಲಗಿರುತ್ತಾನೆ. ನಬೊಕೊವನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಚಿಟ್ಟೆ ಹಿಡಿಯಲು ಪಶ್ಚಿಮದ ಬೆಟ್ಟಗಳಿಗೆ ಹೋದ ಬೇಸಿಗೆಗಳಲ್ಲೆಲ್ಲ ವೇರಾ ಓಡಿಸಿದಳು, ನಿಂತ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಅವನು ಬರೆದ. ಓಡಿಸಿದವರು ಬರೆದ ಕಾದಂಬರಿ ಅಲ್ಲಿಯೂ ಇಲ್ಲ.

ದಾರಿಯ ಮೇಲೆ ಈಚೆಗೆ ಆದ ದೊಡ್ಡ ಬದಲಾವಣೆ 2023ರ ಜೂನ್ 11ರದು. ಅಂದು ಕರ್ನಾಟಕದಲ್ಲಿ ‘ಶಕ್ತಿ’ ಯೋಜನೆ ಶುರುವಾಯಿತು. ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಇದರ ಖರ್ಚು-ವೆಚ್ಚದ ಬಗ್ಗೆ ವಾದ ಮಾಡುವವರು ಮಾಡಲಿ. ಕಾದಂಬರಿಯ ದೃಷ್ಟಿಯಿಂದ ಇದೊಂದು ಅಪೂರ್ವ ಸಂಗತಿ. ನಂಜಮ್ಮನ ಸೀಮೆಯ ಹೆಂಗಸರು ತವರಿಲ್ಲದೆ, ಮದುವೆಯಿಲ್ಲದೆ, ಕಾಯಿಲೆಯಿಲ್ಲದೆ, ಗಂಡನ ಹತ್ತಿರ ಬಸ್ ಚಾರ್ಜು ಕೇಳದೆ, ನೋಡಬೇಕೆನ್ನಿಸಿ ಊರು ಬಿಟ್ಟು ಹೊರಟರು. ಅವರ ಊರಿಂದ ಅಷ್ಟೇನೂ ದೂರವಲ್ಲದಲ್ಲಿ ಜಗತ್ತೇ ಬಂದು ನೋಡಿಹೋಗುವ ಹಳೇಬೀಡಿದ್ದರೂ ಒಮ್ಮೆಯೂ ನೋಡಿರದವರು ಅವರಲ್ಲಿ ಬಹಳ ಮಂದಿ.

ಜಾವಗಲ್ಲಿನಲ್ಲಿ ಬಸ್ಸು ಹತ್ತಿದ ಅಂಥ ಐವರಲ್ಲಿ ಒಬ್ಬಾಕೆ ನನ್ನ ಪಕ್ಕ ಕೂತರು. ಲ್ಯಾಮಿನೇಷನ್ ಮಾಡಿಸಿದ ಆಧಾರ್ ಕುಪ್ಪಸದೊಳಗಿನ ಪರ್ಸಿನಿಂದ ತೆಗೆದು ಕಂಡಕ್ಟರಿಗೆ ತೋರಿಸಿದ್ದಾಯ್ತು, ಶೂನ್ಯ ಟಿಕೆಟ್ಟು ಮಡಚಿ ಅಲ್ಲೇ ಇಟ್ಟುಕೊಂಡದ್ದಾಯ್ತು. ನನ್ನ ಕಡೆ ತಿರುಗಿದರು.

“ಯಾವೂರಾಯ್ತು?”

“ಬೆಂಗಳೂರು.”

“ಅದು ಊರಾಯ್ತು. ಜನ?”

ನಾನು ನಕ್ಕು ಮಾತು ತಿರುಗಿಸಿ, ಅವರೈವರೂ ನಂಟರೋ ಎಂದು ಕೇಳಿದೆ. “ಇಲ್ಲ ಕಣಪ್ಪ, ನಾವು ಸಂಘದೋರು. ಸಂಘದಾಗೆ ಎಲ್ಲಾ ಜನಾನೂ ಅವ್ರೆ. ನಾವು, ಗೌಡ್ರು, ಸಾಬ್ರು, ಎಸ್ಸಿಯೋರು, ಎಲ್ಲಾ ಒಂದೇ.” ಒಂದು ಕ್ಷಣ ಬಿಟ್ಟು ಸೇರಿಸಿದರು: “ಬುತ್ತಿ ಮಾತ್ರ ಅವರವರು ತಂದವ್ರೆ.”

ಕಂಡಕ್ಟರ್ ಕೇಳಿದ್ದು ಕರ್ನಾಟಕದವರೋ ಅಲ್ಲವೋ ಎಂದಷ್ಟೇ. ಸರ್ಕಾರಕ್ಕೆ ಅಷ್ಟು ಸಾಕು. ಪಕ್ಕದ ಸೀಟಿಗೆ ಸಾಲದು. ಆದರೂ ಹೊಲಗೇರಿಯಾಕೆಯ ಹೆಗಲ ಮೇಲೆ ತಲೆಯಿಟ್ಟು ಗೌಡರ ಮನೆಯಾಕೆ ತೂಕಡಿಸಬಹುದಾದ, ಊಟದ ಹೊತ್ತಿಗೆ ಮತ್ತೆ ಬೇರೆಬೇರೆ ಬುತ್ತಿ ಬಿಚ್ಚಬಹುದಾದ ಇಂಥ ಪ್ರಯಾಣ ಗುತ್ತಿಗೂ ಆಚಾರ್ಯರಿಗೂ ನಂಜಮ್ಮನಿಗೂ ಗೊತ್ತಿರಲಿಲ್ಲ. ಇದು ಹಳೆಯದು ಹೋಯಿತು ಎನ್ನುವ ಕಥೆಯೂ ಅಲ್ಲ, ಏನೂ ಬದಲಾಗಿಲ್ಲ ಎನ್ನುವ ಕಥೆಯೂ ಅಲ್ಲ. ಪ್ರಬಂಧಕ್ಕೆ ಇದು ಸಿಗುವುದಿಲ್ಲ. ನನ್ನಂಥವರು ಬುತ್ತಿಯ ಮಾತೊಂದನ್ನು ಎತ್ತಿಕೊಂಡು ಬಂದು ತೀರ್ಮಾನ ಹೇಳಿಬಿಡುತ್ತೇವೆ. ಆ ಐವರ ಜೊತೆ ಜಾವಗಲ್ಲಿನಿಂದ ಬೇಲೂರಿನವರೆಗೆ, ಬೇಕಾದರೆ ಧರ್ಮಸ್ಥಳದವರೆಗೆ ಇದ್ದು, ಯಾರ ಬುತ್ತಿಗೆ ಯಾರು ಕೈಹಾಕಿದರು, ಯಾವ ಊರು ದಾಟಿದ ಮೇಲೆ ಹಾಕಿದರು, ವಾಪಸ್ಸು ಬರುವಾಗ ಯಾವ ಸ್ಟಾಪಿನಲ್ಲಿ ಮತ್ತೆ ಬಿಟ್ಟರು ಎಂದು ಬರೆಯಲು ಮುನ್ನೂರು ಪುಟ ಬೇಕು. ನಾನು ಓದಿದ ಮಟ್ಟಿಗೆ ಆ ಕಾದಂಬರಿ ಕನ್ನಡದಲ್ಲಿ ಇನ್ನೂ ಬಂದಿಲ್ಲ. ನಮ್ಮ ಕಾದಂಬರಿಕಾರರಲ್ಲಿ ಹೆಚ್ಚಿನವರು ಈಗ ಹಳೇಬೀಡಿಗೆ ಕಾರಿನಲ್ಲಿ ಹೋಗುತ್ತಾರೆ. ಸಂಘದ ಪುಸ್ತಕದಲ್ಲಿ ಸಾಲದ ಲೆಕ್ಕ ಬರೆಯುವಾಕೆ ಆ ಐವರಲ್ಲಿ ಒಬ್ಬಳಿದ್ದಳು, ನಂಜಮ್ಮನ ಹಾಗೆಯೇ ಅಕ್ಷರ ದುಂಡಗೆ ಬರುವವಳು ಎಂದು ಜೊತೆಯವರು ಹೊಗಳಿದರು. ಅವಳಾದರೂ ಬರೆದರೆ ಬರೆಯಬೇಕು.